ಹೊರಗಿನವರು ಎಂದರೆ ಯಾರು?

ಕೆಲವು ಮಾತುಗಳು ವರ್ಷವಿಡೀ ನಿರುಪದ್ರವಿಗಳಾಗಿ ಬಿದ್ದುಕೊಂಡಿದ್ದು, ಒಂದು ನಿಶ್ಚಿತ ಸಂದರ್ಭ ಬಂದೊಡನೆ ಎದ್ದು ಕಚ್ಚತೊಡಗುತ್ತವೆ. ‘ಹೊರಗಿನವರು’ ಎಂಬುದು ಅಂಥ ಒಂದು ಮಾತು. ಮದುವೆಯ ಮನೆಯಲ್ಲಿ ಹೊರಗಿನವರೆಂದರೆ ಬೀಗರು. ಜಾತ್ರೆಯಲ್ಲಿ ಹೊರಗಿನವರೆಂದರೆ ಪರಸ್ಥಳದ ಭಕ್ತರು. ಅವರಿಗೆ ಮೊದಲ ಪಂಕ್ತಿ. ಆದರೆ ನಗರದಲ್ಲಿ ಎಲ್ಲಿಯೋ ಒಂದು ಬಾಂಬು ಸಿಡಿಯಿತೆನ್ನಿ. ಮರುದಿನ ಕಾಫಿಯ ಲೋಟದೊಡನೆ ಪತ್ರಿಕೆ ಹಿಡಿದು ಕುಳಿತ ಸದ್ಗೃಹಸ್ಥರ ಬಾಯಲ್ಲಿ ಅದೇ ಮಾತಿನ ಬಣ್ಣ ಬದಲಾಗಿರುತ್ತದೆ. “ಹೊರಗಿನವರು ಬಹಳ ಸೇರಿಕೊಂಡರು ಸ್ವಾಮೀ, ಯಾರು ಎಲ್ಲಿಂದ ಬಂದಿದ್ದಾರೋ ದೇವರಿಗೇ ಗೊತ್ತು, ಮೊದಲು ಇವರನ್ನೆಲ್ಲ ಎಬ್ಬಿಸಬೇಕು” ಎಂಬ ತೀರ್ಪು ಹೊರಬೀಳುತ್ತದೆ. ತನಿಖೆ ಇನ್ನೂ ಆರಂಭವಾಗಿರುವುದಿಲ್ಲ. ಶಿಕ್ಷೆ ಆಗಲೇ ಗೊತ್ತಾಗಿರುತ್ತದೆ.

ಈ ತೀರ್ಪು ಕೊಡುವವರು ದುಷ್ಟರಲ್ಲ. ಮಕ್ಕಳನ್ನು ಶಾಲೆಗೆ ಕಳಿಸಿ ಅವರು ಸುರಕ್ಷಿತವಾಗಿ ಮರಳಲೆಂದು ಹಾರೈಸುವ ಜನರೇ. ಅವರ ಭಯ ನಿಜವಾದದ್ದು. ಅದನ್ನು ಗೇಲಿಮಾಡುವುದು ನನ್ನ ಉದ್ದೇಶವಲ್ಲ. ನಾನು ವಿರೋಧಿಸುವುದು ಆ ಭಯಕ್ಕೆ ಅವರು ಕಂಡುಕೊಂಡ ಮದ್ದನ್ನು. ಆ ಮದ್ದು ಸುಳ್ಳು, ಅನ್ಯಾಯ, ಎಲ್ಲಕ್ಕೂ ಮಿಗಿಲಾಗಿ ಅಪಾಯಕಾರಿ. ಈ ಮೂರನ್ನೂ ಒಂದೊಂದಾಗಿ ವಾಚಕರ ಮುಂದಿಡುತ್ತೇನೆ.

ಮೊದಲು ಸುಳ್ಳಿನ ವಿಚಾರ. 2024ರ ಮಾರ್ಚ್ 1ರಂದು ಬೆಂಗಳೂರಿನ ಬ್ರೂಕ್‌ಫೀಲ್ಡ್ ಭಾಗದ ರಾಮೇಶ್ವರಂ ಕೆಫೆಯಲ್ಲಿ ಊಟದ ಹೊತ್ತಿಗೆ ಬಾಂಬು ಸಿಡಿದು ಹಲವರು ಗಾಯಗೊಂಡರು. ಎರಡು ದಿನಗಳಲ್ಲಿ ತನಿಖೆ ರಾಷ್ಟ್ರೀಯ ತನಿಖಾ ದಳದ ಕೈಗೆ ಹೋಯಿತು. ತನಿಖೆ ಇನ್ನೂ ನಡೆದಿರುವಾಗಲೇ, ಮಾರ್ಚ್ 19ರಂದು, ಆಗ ಕೇಂದ್ರದಲ್ಲಿ ರಾಜ್ಯಸಚಿವೆಯಾಗಿದ್ದ ಶೋಭಾ ಕರಂದ್ಲಾಜೆಯವರು ತಮಿಳುನಾಡಿನಿಂದ ಬಂದವರು ಇಲ್ಲಿ ಬಾಂಬು ಇಡುತ್ತಾರೆಂಬ, ಕೇರಳದಿಂದ ಬಂದವರು ಆಸಿಡ್ ಎರಚುತ್ತಾರೆಂಬ ಅರ್ಥದ ಮಾತನ್ನಾಡಿದರು. ತಮಿಳುನಾಡಿನ ಮುಖ್ಯಮಂತ್ರಿ ಸ್ಟಾಲಿನ್ ಅವರು ಖಂಡಿಸಿದರು. ಮದುರೆಯಲ್ಲಿ ಮೊಕದ್ದಮೆ ದಾಖಲಾಯಿತು. ಸಚಿವೆ ತಮಿಳರಲ್ಲಿ ಕ್ಷಮೆ ಕೇಳಿ ಮಾತನ್ನು ಹಿಂದಕ್ಕೆ ತೆಗೆದುಕೊಂಡರು. ಕ್ಷಮೆ ಕೇಳಿದ್ದು ಸರಿಯಾಯಿತು. ಆದರೆ ಆ ಮಾತು ಅಷ್ಟು ಸಲೀಸಾಗಿ ನಾಲಗೆಗೆ ಬಂದದ್ದು ಹೇಗೆ? ಆ ನಾಲಗೆ ಒಬ್ಬರದಲ್ಲ, ನಮ್ಮೆಲ್ಲರದು ಎಂಬುದೇ ಅದಕ್ಕೆ ಉತ್ತರ.

ಏಪ್ರಿಲ್ 12ರಂದು ಇಬ್ಬರು ಪ್ರಮುಖ ಆರೋಪಿಗಳು ಪಶ್ಚಿಮ ಬಂಗಾಳದಲ್ಲಿ ಸಿಕ್ಕಿಬಿದ್ದರು. ಅವರು ತಮಿಳರೂ ಅಲ್ಲ, ಮಲಯಾಳಿಗಳೂ ಅಲ್ಲ, ಬಂಗಾಳಿಗಳೂ ಅಲ್ಲ. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯವರು. ಕನ್ನಡ ಸಾಹಿತ್ಯಕ್ಕೆ ಕುವೆಂಪು ಅವರನ್ನು ಕೊಟ್ಟ ತಾಲೂಕು ಅದು. ಆರೋಪ ನಿಜವೋ ಅಲ್ಲವೋ ನ್ಯಾಯಾಲಯ ಹೇಳಬೇಕು. ಆದರೆ ತೀರ್ಥಹಳ್ಳಿಯವರನ್ನೆಲ್ಲ ಬೆಂಗಳೂರಿನಿಂದ ಎಬ್ಬಿಸಿರೆಂದು ಯಾವ ಸದ್ಗೃಹಸ್ಥರೂ ಅಂದು ಕೇಳಲಿಲ್ಲ. ಕೇಳದೆ ಇದ್ದದ್ದು ವಿವೇಕ. ಆ ವಿವೇಕ ಆರೋಪಿ ನಮ್ಮವನಾದಾಗ ಮಾತ್ರ ಏಕೆ ಜಾಗೃತವಾಗುತ್ತದೆ ಎಂಬುದೇ ನನ್ನ ಪ್ರಶ್ನೆ.

ಎರಡನೆಯ ಉದಾಹರಣೆ ನನ್ನ ಸ್ವಂತ ತಾಲೂಕಿನದು. ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ 2012ರ ಜನವರಿ 1ರ ಬೆಳಿಗ್ಗೆ ತಹಸೀಲ್ದಾರ ಕಚೇರಿಯ ಮುಂದೆ ಪಾಕಿಸ್ತಾನದ ಧ್ವಜ ಹಾರಾಡಿತು. ಸಿಡಿದದ್ದು ಬಾಂಬಲ್ಲ, ಹಾರಿದ್ದು ಗೇಣುದ್ದದ ಬಟ್ಟೆ. ಆದರೆ ಅದು ಮಾಡಬೇಕಾಗಿದ್ದ ಕೆಲಸ ಬಾಂಬಿನದೇ. ಊರು ಕುದಿಯಿತು. ಸಂಶಯ ಯಾವ ಓಣಿಯ ಕಡೆ ತಿರುಗಿತೆಂದು ಬಿಡಿಸಿ ಹೇಳಬೇಕಾಗಿಲ್ಲ. ಕೆಲವು ದಿನಗಳಲ್ಲಿ ಪೊಲೀಸರು ಆರು ಜನ ತರುಣರನ್ನು ಬಂಧಿಸಿದರು. ಅವರು ಗಡಿ ದಾಟಿ ಬಂದವರಲ್ಲ. ಸಂಶಯಕ್ಕೆ ಗುರಿಯಾಗಿದ್ದ ಧರ್ಮದವರೂ ಅಲ್ಲ. ಧ್ವಜ ಹಾರಿಸಿ, ಅದನ್ನು ಇನ್ನೊಬ್ಬರ ತಲೆಗೆ ಕಟ್ಟಿ, ಊರಲ್ಲಿ ಜಗಳ ಹಚ್ಚುವುದು ಉದ್ದೇಶವಾಗಿತ್ತೆಂದು ಪೊಲೀಸರು ಹೇಳಿದರು. ಇಂಥ ಹೂಟಕ್ಕೆ ಬೇಕಾದ ಬಂಡವಾಳ ಎರಡು ಮೊಳ ಬಟ್ಟೆ ಮಾತ್ರ. ಉಳಿದದ್ದನ್ನು ನಮ್ಮ ಸಂಶಯವೇ ಪೂರೈಸುತ್ತದೆ. ‘ಅವರೇ ಮಾಡಿರಬೇಕು’ ಎಂದು ಹೇಳಲು ನಾವು ಸಿದ್ಧರಾಗಿ ಕುಳಿತಿರುತ್ತೇವೆಂಬ ನಂಬಿಕೆ ಇಲ್ಲದಿದ್ದರೆ ಯಾರಾದರೂ ಅಂಥ ಧ್ವಜವನ್ನು ಹೊಲಿಸುತ್ತಿದ್ದರೆ?

ಇನ್ನು ಅನ್ಯಾಯ. 2025ರ ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮಿನಲ್ಲಿ ಉಗ್ರರು 26 ಜನರನ್ನು ಕೊಂದರು. ಶಿವಮೊಗ್ಗ, ಬೆಂಗಳೂರುಗಳ ಮನೆಗಳಿಗೂ ಹೆಣಗಳು ಬಂದವು. ಧರ್ಮ ಕೇಳಿ ಗುಂಡಿಟ್ಟರೆಂಬ ಸುದ್ದಿ ನಾಡನ್ನೆಲ್ಲ ನಡುಗಿಸಿತು. ಪ್ರವಾಸಿಗಳನ್ನು ಉಳಿಸಲು ಹೋಗಿ ಸತ್ತವರಲ್ಲಿ ಕುದುರೆ ನಡೆಸುವ ಒಬ್ಬ ಬಡ ಕಾಶ್ಮೀರಿ ಮುಸಲ್ಮಾನನೂ ಇದ್ದನೆಂಬುದನ್ನು ಕೆಲವರು ಗಮನಿಸಿದರು, ಹಲವರು ಗಮನಿಸಲಿಲ್ಲ. ಐದೇ ದಿನಗಳ ಮೇಲೆ, ಏಪ್ರಿಲ್ 27ರಂದು, ಮಂಗಳೂರಿನ ಹತ್ತಿರದ ಕುಡುಪುವಿನಲ್ಲಿ ಕ್ರಿಕೆಟ್ ಮೈದಾನದ ಬಳಿ ಗುಂಪೊಂದು ಒಬ್ಬನನ್ನು ಬಡಿದು ಕೊಂದಿತು. ಆತ ಕೇರಳದ ವಯನಾಡಿನವನು. ಚಿಂದಿ ಆಯ್ದು ಬದುಕುತ್ತಿದ್ದವನು. ಆತ ಪಾಕಿಸ್ತಾನಕ್ಕೆ ಜೈಕಾರ ಹಾಕಿದನೆಂಬುದು ಹೊಡೆದವರ ಹೇಳಿಕೆ. ಪೊಲೀಸರು ಮೊದಲು ಅದನ್ನು ಅಸಹಜ ಸಾವೆಂದು ಬರೆದುಕೊಂಡರು. ಕೊಲೆಯೆಂದು ಬರೆಯಲು ಎರಡು ದಿನ ಬೇಕಾಯಿತು. ಮುಂದೆ ಠಾಣೆಯ ಇನ್ಸ್‌ಪೆಕ್ಟರರೂ ಸೇರಿ ಮೂವರು ಅಮಾನತಾದರು. ಪಹಲ್ಗಾಮಿಗೂ ಈ ಚಿಂದಿ ಆಯುವವನಿಗೂ ಏನು ಸಂಬಂಧ? ಆತ ಕೈಗೆ ಸಿಕ್ಕಿದ. ಅವನ ಪರವಾಗಿ ಕೇಳುವವರು ಆ ಮೈದಾನದಲ್ಲಿ ಯಾರೂ ಇರಲಿಲ್ಲ. ಸಂಬಂಧ ಅಷ್ಟೇ. ಉಗ್ರನಿಗೆ ಸಿಟ್ಟು ತೋರಲಾಗದ ಹೇಡಿತನ ಬಡ ಪರಊರಿನವನ ಮೇಲೆ ಶೌರ್ಯವಾಗಿ ಹೊರಬರುತ್ತದೆ.

“ಅವನು ಕೇರಳದವನು, ಇವನು ಬಂಗಾಳದವನು, ನಮಗೇನು?” ಎಂದು ಯಾರಾದರೂ ಕೇಳಬಹುದು. ಅವರಿಗೆ ನನ್ನ ಊರಿನ ಮಾತು ಹೇಳಬೇಕು. ನನ್ನದು ಸಿಂದಗಿ ತಾಲೂಕಿನ ಯಂಕಂಚಿ. ಎರೆಭೂಮಿಯ ಸೀಮೆ, ಬಿಳಿಜೋಳ, ತೊಗರಿ. ಮಳೆ ಬಂದರೆ ಸುಗ್ಗಿ, ಬಾರದಿದ್ದರೆ ಗುಳೆ. ನಮ್ಮ ಕಡೆಯ ಯಾವ ಹಳ್ಳಿಗೆ ಹೋದರೂ ಬೀಗ ಜಡಿದ ಮನೆಗಳನ್ನೂ, ಮೊಮ್ಮಕ್ಕಳನ್ನು ಕಾಯುತ್ತ ಕಟ್ಟೆಯ ಮೇಲೆ ಕುಳಿತ ಮುದುಕರನ್ನೂ ಕಾಣಬಹುದು. ದುಡಿಯುವ ವಯಸ್ಸಿನವರು ಗೋವೆ, ಪುಣೆ, ಮುಂಬಯಿ, ಮಂಗಳೂರು, ಬೆಂಗಳೂರುಗಳಲ್ಲಿ ಕಲ್ಲು ಹೊರುತ್ತಿರುತ್ತಾರೆ, ಗಟಾರು ತೋಡುತ್ತಿರುತ್ತಾರೆ. ಗೋವೆಯಲ್ಲಿ ಅವರನ್ನು ‘ಘಾಟಿ’ಗಳೆಂದು ಹಳಿಯುತ್ತಾರೆ. ಕರಾವಳಿಯಲ್ಲಿ ಅವರು ‘ಘಟ್ಟದವರು’. ಬೆಂಗಳೂರಿನಲ್ಲಿ?

ಬೆಂಗಳೂರಿನಲ್ಲಿ ಅವರು ಬಾಂಗ್ಲಾದೇಶದವರು! ಇದು ಅತಿಶಯೋಕ್ತಿಯಲ್ಲ. 2020ರ ಜನವರಿಯಲ್ಲಿ ಬೆಳ್ಳಂದೂರಿನ ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ಕೂಲಿಕಾರರ ಜೋಪಡಿಗಳನ್ನು ಯಂತ್ರ ಹಚ್ಚಿ ಕೆಡವಿದರು. ಅಲ್ಲಿರುವವರು ಅಕ್ರಮವಾಗಿ ಬಂದ ಬಾಂಗ್ಲಾದೇಶೀಯರೆಂಬ ವಿಡಿಯೊ ಒಂದು ಅದಕ್ಕೆ ಮೊದಲು ಹರಿದಾಡಿತ್ತು. ಕೆಡವಿದ ಮೇಲೆ ನೋಡಿದರೆ ಆ ಮಣ್ಣಿನಲ್ಲಿ ಪಾತ್ರೆ, ಹಾಸಿಗೆ ಹುಡುಕುತ್ತಿದ್ದವರಲ್ಲಿ ಅಸ್ಸಾಮಿನವರು, ತ್ರಿಪುರದವರು ಇದ್ದಂತೆ ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಆಧಾರ ಚೀಟಿ, ಮತದಾರರ ಚೀಟಿಗಳನ್ನು ಎತ್ತಿ ಹಿಡಿದು ನಿಂತಿದ್ದರು. ರಾಜ್ಯದ ಉಚ್ಚ ನ್ಯಾಯಾಲಯ ನಡುವೆ ಬರಬೇಕಾಯಿತು. ಹಾಗೆ ಎಬ್ಬಿಸುವ ಅಧಿಕಾರ ಪೊಲೀಸರಿಗೆ ಎಲ್ಲಿಂದ ಬಂತೆಂದು ಅದು ಕೇಳಿತು; ಮನೆ ಕಳೆದುಕೊಂಡವರಿಗೆ ನೆಲೆ ಕಲ್ಪಿಸುವ ಹೊಣೆಯನ್ನು ಸರಕಾರಕ್ಕೆ ನೆನಪಿಸಿತು. ಕನ್ನಡ ನಾಡು ಒಂದಾಗಬೇಕೆಂದು ವಿಜಾಪುರ, ಧಾರವಾಡ, ಬೆಳಗಾವಿಗಳ ಜನ ಹೋರಾಡಿದರು, 1956ರಲ್ಲಿ ಒಂದಾಯಿತು. ಅರವತ್ತು ವರ್ಷಗಳ ಮೇಲೆ ಅದೇ ನಾಡಿನ ರಾಜಧಾನಿಯಲ್ಲಿ ಅದೇ ಸೀಮೆಯ ಕನ್ನಡಿಗ ತಾನು ಪರದೇಶಿಯಲ್ಲವೆಂದು ಚೀಟಿ ತೋರಿಸಬೇಕಾಯಿತು. ಏಕೀಕರಣದ ಹಬ್ಬದಲ್ಲಿ ಭಾಷಣ ಮಾಡುವ ನಮ್ಮಂಥವರು ಇದಕ್ಕೆ ಏನು ಹೇಳೋಣ?

ನಗರದ ಹೊರವಲಯದಲ್ಲಿ ಎರಡು ವರ್ಷ ಗಾರೆ ಕೆಲಸ ಮಾಡಿ ಮರಳಿದ ನಮ್ಮೂರಿನ ಹಿರಿಯರೊಬ್ಬರು ನನಗೆ ಹೇಳಿದ ಮಾತಿದು: “ಆಧಾರ ಕಾರ್ಡ ತೋರಿಸಿದ್ರ ‘ಇಂಥಾವು ಭಾಳ ನೋಡೀವಿ’ ಅಂತಾರ, ತಮ್ಮಾ. ಬಾಯಿ ತೆರದ್ರ ‘ಇದ್ಯಾವ ಕನ್ನಡ’ ಅಂತಾರ. ಇನ್ನೇನ್ ತೋರಸ್ಲಿ?” ಕನ್ನಡವನ್ನು ಕಲಿಸಿ ಹೊಟ್ಟೆ ಹೊರೆಯುವ ನನ್ನಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಆಡುವ ಕನ್ನಡವೇ ಅನುಮಾನಕ್ಕೆ ಕಾರಣವಾದರೆ, ನಮ್ಮ ತರಗತಿಗಳಲ್ಲಿ ನಾವು ಪಾಠ ಹೇಳುವ ಕನ್ನಡದ ಹಿರಿಮೆ ಯಾರಿಗಾಗಿ?

ನಮ್ಮ ಸೀಮೆಯಲ್ಲಿ ಊರ ಹೆಸರೇ ಎಷ್ಟೋ ಮನೆತನಗಳ ಅಡ್ಡಹೆಸರು. ಯಂಕಂಚಿಯಿಂದ ಹೊರಟು ಬೇರೆಡೆ ನೆಲೆಸಿದವನು ಅಲ್ಲಿ ಯಂಕಂಚಿಯೇ ಆಗುತ್ತಾನೆ. ನಾಳೆ ಆ ಹೆಸರಿನ ಒಬ್ಬ ಕೇಡು ಬಗೆದರೆ ಇಡೀ ಊರು ತಲೆ ತಗ್ಗಿಸಬೇಕೆ? ಭಟ್ಕಳದವರನ್ನು ಕೇಳಿ ನೋಡಿ. ಒಬ್ಬ ಅಪರಾಧಿಯ ಹೆಸರಿಗೆ ಅವರ ಊರ ಹೆಸರು ಅಂಟಿಕೊಂಡು ವೃತ್ತಪತ್ರಿಕೆಗಳ ಮೊದಲ ಪುಟವನ್ನೇರಿತು. 2013ರ ಹೈದರಾಬಾದಿನ ಸ್ಫೋಟಗಳಿಗಾಗಿ ಅವನಿಗೆ ಶಿಕ್ಷೆಯಾಯಿತು, ಆಗಬೇಕಾದದ್ದೇ. ಆದರೆ ದುಬೈಯಲ್ಲಿ ಅಂಗಡಿ ಇಟ್ಟುಕೊಂಡು, ವರ್ಷಕ್ಕೊಮ್ಮೆ ತಾಯಿಯನ್ನು ನೋಡಲು ಬರುವ ಭಟ್ಕಳದ ಸಾವಿರಾರು ಜನ ಯಾವ ತಪ್ಪಿಗೆ ಆ ಹೆಸರಿನ ಭಾರ ಹೊರಬೇಕು?

ಮೂರನೆಯದು ಅಪಾಯದ ವಿಚಾರ. ಅನ್ಯಾಯವಾದರೂ ಸರಿ, ಸುರಕ್ಷಿತರಾಗಿದ್ದರೆ ಸಾಕು ಎನ್ನುವವರಿದ್ದಾರೆ. ಅವರಿಗಾಗಿ ಈ ಮಾತು.

ಭಯೋತ್ಪಾದಕನ ಉದ್ದೇಶವೇನು? ಹತ್ತು ಜನರನ್ನು ಕೊಲ್ಲುವುದಷ್ಟೇ ಅಲ್ಲ. ಉಳಿದವರು ಒಬ್ಬರನ್ನೊಬ್ಬರು ನಂಬದ ಹಾಗೆ ಮಾಡುವುದು. ವಲಸೆ ಬಂದವನನ್ನು ಆತ ಎಷ್ಟು ಸಲ ಬೇಕೆಂದೇ ಹುಡುಕಿ ಕೊಂದಿದ್ದಾನೆಂದು ನೋಡಿ. 2019ರ ಅಕ್ಟೋಬರಿನಲ್ಲಿ ಕಾಶ್ಮೀರದ ಕುಲ್ಗಾಮಿನಲ್ಲಿ ಸತ್ತವರು ಬಂಗಾಳದ ಮುರ್ಷಿದಾಬಾದಿನಿಂದ ದುಡಿಯಲು ಹೋದವರು, ಮುಸಲ್ಮಾನರು. 2021ರ ಅಕ್ಟೋಬರಿನಲ್ಲಿ ಬಿಹಾರ, ಉತ್ತರ ಪ್ರದೇಶಗಳ ಕೂಲಿಕಾರರು ಸತ್ತರು. ಉಳಿದವರು ಗಂಟುಮೂಟೆ ಕಟ್ಟಿದರು. 2024ರ ಅಕ್ಟೋಬರ್ 20ರಂದು ಗಗನಗೀರಿನಲ್ಲಿ ಸುರಂಗದ ಕೆಲಸದವರು ಆರು ಮಂದಿ, ಒಬ್ಬ ವೈದ್ಯ. 2008ರ ನವೆಂಬರ್ 26ರಂದು ಮುಂಬಯಿಯಲ್ಲಿ ಒಟ್ಟು 166 ಜನ ಸತ್ತಾಗ, ಛತ್ರಪತಿ ಶಿವಾಜಿ ನಿಲ್ದಾಣದಲ್ಲಿ ಗುಂಡಿಗೆ ಬಿದ್ದವರು ದೂರದ ಗಾಡಿಗಾಗಿ ನೆಲದ ಮೇಲೆ ಕುಳಿತು ಕಾಯುತ್ತಿದ್ದ ಸಾಮಾನ್ಯ ಪ್ರಯಾಣಿಕರು. ಉಗ್ರ ಬಯಸುವುದು ಪರಊರಿನವನು ಓಡಿಹೋಗಲೆಂದು. ಸದ್ಗೃಹಸ್ಥರು ಬಯಸುವುದೂ ಅದನ್ನೇ. ಇಬ್ಬರ ಬಯಕೆ ಒಂದಾದಲ್ಲಿ ಗೆದ್ದವರು ಯಾರು?

2012ರ ಆಗಸ್ಟಿನ ದಿನಗಳನ್ನು ಬೆಂಗಳೂರಿನವರು ಮರೆತಿರಲಾರರು. ಅಸ್ಸಾಮಿನ ಗಲಭೆಯ ಬೆನ್ನಿಗೇ, ಈಶಾನ್ಯದವರ ಮೇಲೆ ಇಲ್ಲಿಯೂ ದಾಳಿ ನಡೆಯಲಿದೆಯೆಂಬ ವದಂತಿ ಕೈಫೋನುಗಳಲ್ಲಿ ಹಬ್ಬಿತು. ಸಾವಿರಾರು ತರುಣ ತರುಣಿಯರು ರೈಲು ನಿಲ್ದಾಣಕ್ಕೆ ಧಾವಿಸಿದರು. ಗುವಾಹಾಟಿಗೆ ವಿಶೇಷ ಗಾಡಿಗಳನ್ನು ಬಿಡಬೇಕಾಯಿತು. ದಿನಕ್ಕೆ ಐದಕ್ಕಿಂತ ಹೆಚ್ಚು ಸಂದೇಶ ಕಳಿಸಬಾರದೆಂದು ಕೇಂದ್ರ ಸರಕಾರವೇ ಕಟ್ಟುಮಾಡಿತು. ಒಂದು ಗುಂಡು ಹಾರಲಿಲ್ಲ, ಒಂದು ಬಾಂಬು ಸಿಡಿಯಲಿಲ್ಲ; ಆದರೂ ನಗರದ ಒಂದು ಭಾಗವೇ ಬರಿದಾಯಿತು. ಇಷ್ಟು ವರ್ಷ ಇಲ್ಲಿ ದುಡಿದವರು ‘ಇದು ನನ್ನ ಊರು, ನೆರೆಯವರು ನನ್ನನ್ನು ಕಾಯುತ್ತಾರೆ’ ಎಂದು ನಂಬುವಂತೆ ನಾವು ಬಾಳಿದ್ದರೆ ಒಂದು ಸುಳ್ಳು ಸಂದೇಶಕ್ಕೆ ಅಷ್ಟು ಬಲ ಬರುತ್ತಿತ್ತೆ?

ರಾಜ್ಯ ರಾಜ್ಯಗಳ ಸಂಬಂಧಕ್ಕೂ ಇದೇ ವಿಷ ತಗಲುತ್ತದೆ. ರಾಮೇಶ್ವರಂ ಕೆಫೆಯ ಆರೋಪಿಗಳು ಸಿಕ್ಕಿದ್ದು ಹೇಗೆ? ಪಶ್ಚಿಮ ಬಂಗಾಳ, ತೆಲಂಗಾಣ, ಕರ್ನಾಟಕ, ಕೇರಳಗಳ ಪೊಲೀಸರು ಕೇಂದ್ರದ ದಳದೊಡನೆ ಕೈಗೂಡಿಸಿದ್ದರಿಂದ. ಅದೇ ದಿನ ರಾಜಕಾರಣಿಗಳು ಮಾಡಿದ್ದೇನು? ಬಂಗಾಳ ಉಗ್ರರ ತಂಗುದಾಣವೆಂದು ಒಬ್ಬರು ದೂರಿದರು, ಬಂಗಾಳದವರು ಅದಕ್ಕೆ ಉತ್ತರ ಕೊಟ್ಟರು. ನಾಲ್ಕು ರಾಜ್ಯಗಳ ಪೇದೆಗಳು ಕೂಡಿ ಕಟ್ಟಿದ್ದನ್ನು ನಾಲ್ಕು ಮಾತುಗಳಲ್ಲಿ ಕೆಡವುವ ಕೌಶಲ ನಮ್ಮ ಮುಂದಾಳುಗಳಿಗೆ ಸಿದ್ಧಿಸಿದೆ. ಪಹಲ್ಗಾಮಿನ ಮೇಲೆ ಹಲವು ನಗರಗಳಲ್ಲಿ ಕಾಶ್ಮೀರಿ ವಿದ್ಯಾರ್ಥಿಗಳಿಗೆ ಬೆದರಿಕೆ ಬಂದಾಗ ಆ ರಾಜ್ಯದ ಮುಖ್ಯಮಂತ್ರಿ ತಮ್ಮ ಸಚಿವರನ್ನು ಬೇರೆ ರಾಜ್ಯಗಳಿಗೆ ಕಳಿಸಬೇಕಾಯಿತು. ಒಂದು ರಾಜ್ಯದ ಸಚಿವ ತನ್ನ ಮಕ್ಕಳನ್ನು ಕಾಯಿರೆಂದು ಇನ್ನೊಂದು ರಾಜ್ಯದ ಬಾಗಿಲಿಗೆ ಹೋಗುವುದು ಒಂದು ದೇಶದೊಳಗಿನ ನಡವಳಿಕೆಯೆ, ಎರಡು ದೇಶಗಳ ನಡುವಿನದೆ? ಅದೇ 2025ರಲ್ಲಿ ಬಂಗಾಳಿ ಮಾತಾಡುವ ಕೂಲಿಕಾರರನ್ನು ಹಲವು ನಗರಗಳಲ್ಲಿ ಹಿಡಿದರು. ಬೀರ್‌ಭೂಮ್ ಜಿಲ್ಲೆಯ ಒಬ್ಬ ಬಸುರಿಯನ್ನು ದಿಲ್ಲಿಯಿಂದ ಒಯ್ದು ಗಡಿಯಾಚೆ ದಾಟಿಸಿದರು. ಕಲಕತ್ತೆಯ ಉಚ್ಚ ನ್ಯಾಯಾಲಯ ಮರಳಿ ಕರೆತರಲು ಆಜ್ಞೆ ಮಾಡಿದ್ದು ಸೆಪ್ಟೆಂಬರಿನಲ್ಲಿ. ಆಕೆ ಮರಳಿದ್ದು ಡಿಸೆಂಬರಿನಲ್ಲಿ. ಬಂಗಾಳಿಗೆ ಆದದ್ದು ಕನ್ನಡಿಗನಿಗೆ ಆಗದೆಂಬ ಧೈರ್ಯ ಕರಿಯಮ್ಮನ ಅಗ್ರಹಾರವನ್ನು ಕಂಡ ಮೇಲೆ ನನಗಿಲ್ಲ.

ನನ್ನ ವಾದಕ್ಕೆ ಬರುವ ಬಲವಾದ ಆಕ್ಷೇಪವನ್ನು ನಾನೇ ಹೇಳುತ್ತೇನೆ. 2018ರ ಆಗಸ್ಟಿನಲ್ಲಿ ರಾಮನಗರದಲ್ಲಿ ಸಿಕ್ಕಿಬಿದ್ದವನು ಬಾಂಗ್ಲಾದೇಶದ ನಿಷಿದ್ಧ ಸಂಘಟನೆಯೊಂದರ ಮುಖ್ಯರಲ್ಲಿ ಒಬ್ಬನೆಂದು ತನಿಖಾ ದಳ ಹೇಳಿತು. ಆತ ಅಲ್ಲಿ ಬಟ್ಟೆ ಮಾರುವವನಂತೆ ಬಾಳುತ್ತಿದ್ದ. ವಲಸೆಗಾರರ ನಡುವೆ ಇಂಥವರು ಅಡಗಿರುವುದು ಸುಳ್ಳಲ್ಲವಲ್ಲ? ಸುಳ್ಳಲ್ಲ. ಆದರೆ ಅವನು ಸಿಕ್ಕಿದ್ದು ಜೋಪಡಿ ಕೆಡವಿದ್ದರಿಂದಲ್ಲ; ಹಳೆಯ ಪ್ರಕರಣಗಳ ಎಳೆಯನ್ನು ಬಿಡದೆ ಹಿಡಿದು ಬಂದ ತನಿಖೆಯಿಂದ. ನಾಳೆ ಅಂಥವನ ಪಕ್ಕದ ಕೋಣೆಯಲ್ಲಿ ವಾಸಿಸುವವನು ಯಾರು? ಇನ್ನೊಬ್ಬ ಕೂಲಿಕಾರ. ರಾತ್ರಿ ಯಾರು ಬಂದರು, ಯಾವ ಚೀಲ ಬಂತು ಎಂದು ಕಾಣುವವನು ಅವನೇ. ಪೊಲೀಸರನ್ನು ಕಂಡರೆ ತನ್ನ ಸೂರೇ ಹೋದೀತೆಂದು ಹೆದರುವವನು ಠಾಣೆಯ ಮೆಟ್ಟಿಲು ಹತ್ತಿ ಸುಳಿವು ಕೊಡುವನೆ? ಅವನನ್ನು ಹೆದರಿಸುವುದೆಂದರೆ ನಮ್ಮ ಕಣ್ಣನ್ನು ನಾವೇ ಕಟ್ಟಿಕೊಳ್ಳುವುದು.

“ಹಾಗಾದರೆ ಯಾರು ಎಲ್ಲಿಂದ ಬಂದರೆಂದು ಬರೆದಿಡುವುದೇ ಬೇಡವೆ?” ಬೇಕು, ಖಂಡಿತ ಬೇಕು. ಆದರೆ ನೋಡಿ: ಹಾಗೆ ಬರೆದಿಡಬೇಕೆಂಬ ಕಾನೂನು 1979ರಲ್ಲಿಯೇ ಆಗಿತ್ತು. ಬೇರೆ ರಾಜ್ಯದ ಕೂಲಿಗಳನ್ನು ತರುವ ಗುತ್ತಿಗೆದಾರ ಪರವಾನಿಗೆ ಪಡೆಯಬೇಕು, ಒಬ್ಬೊಬ್ಬನಿಗೂ ಭಾವಚಿತ್ರವಿರುವ ಪುಸ್ತಕ ಕೊಡಬೇಕು, ಪ್ರಯಾಣದ ಭತ್ಯೆ ಕೊಡಬೇಕು ಎಂದು ಅದರಲ್ಲಿತ್ತು. ಕಟ್ಟಡದ ಕೆಲಸದವರ ನೋಂದಣಿಗೆ 1996ರ ಕಾನೂನು ಬಂತು. ಇವು ನೆಟ್ಟಗೆ ನಡೆದಿದ್ದರೆ 2020ರ ಲಾಕ್‌ಡೌನಿನಲ್ಲಿ ಹೆದ್ದಾರಿಗಳ ಮೇಲೆ ನಡೆದುಹೋದವರು ಎಷ್ಟು ಜನ, ಯಾವ ಊರಿನವರು ಎಂದು ಸರಕಾರ ತಡಕಾಡುತ್ತಿರಲಿಲ್ಲ. 1979ರ ಕಾನೂನು ಈಗ ಇಲ್ಲ; 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಯಲ್ಲಿ ಅದು ವಿಲೀನವಾಯಿತು. ಕೂಲಿಕಾರನಿಗೆ ಹಕ್ಕು ಕೊಡುವ ಪುಸ್ತಕವನ್ನು ನಾಲ್ಕು ದಶಕಗಳಲ್ಲಿ ಬರೆಯಲಾರದ ನಾವು, ಅವನ ಮೇಲೆ ಅನುಮಾನ ಪಡುವ ಪಟ್ಟಿಯನ್ನು ಮಾತ್ರ ಒಂದು ರಾತ್ರಿಯಲ್ಲಿ ಸಿದ್ಧಪಡಿಸುತ್ತೇವೆ. ಎರಡರಲ್ಲಿಯೂ ಇರುವುದು ಅದೇ ಹೆಸರು, ಅದೇ ಊರು. ಮೊದಲನೆಯದರಲ್ಲಿ ಬರೆಸಿಕೊಳ್ಳಲು ಕೂಲಿಕಾರ ತಾನಾಗಿ ಸಾಲಿನಲ್ಲಿ ನಿಲ್ಲುತ್ತಾನೆ. ಎರಡನೆಯದನ್ನು ಕಂಡರೆ ಅಡಗಿಕೊಳ್ಳುತ್ತಾನೆ. ದೇಶದ ಭದ್ರತೆಗೆ ಯಾವುದು ಹಿತವೆಂದು ತಿಳಿಯಲು ದೊಡ್ಡ ಪಾಂಡಿತ್ಯ ಬೇಕಾಗಿಲ್ಲ.

ಆದ್ದರಿಂದ ನಾನು ಕೇಳುವುದು ಹೆಚ್ಚಿನದೇನಲ್ಲ. ಸಚಿವರೂ ಸಂಪಾದಕರೂ ಸ್ಫೋಟದ ಮರುದಿನ ಯಾವ ರಾಜ್ಯದ, ಯಾವ ಭಾಷೆಯ, ಯಾವ ಧರ್ಮದ ಹೆಸರನ್ನೂ ಎತ್ತದೆ ತನಿಖೆಗೆ ಕಾಯಲಿ. ಗುತ್ತಿಗೆದಾರ ತಂದ ಕೂಲಿಕಾರನ ಹೆಸರನ್ನು ಬರೆಸದಿದ್ದರೆ ದಂಡ ಗುತ್ತಿಗೆದಾರನಿಗೆ ಬೀಳಲಿ. ಜೋಪಡಿಯ ಮೇಲೆ ಬೀಳದಿರಲಿ. ನೋಟೀಸು ಕೊಡದೆ, ವಿಚಾರಿಸದೆ, ಬೇರೆ ನೆಲೆ ತೋರದೆ ಯಾರ ಸೂರನ್ನೂ ಕೀಳದಿರಲಿ. ಕಿತ್ತ ಅಧಿಕಾರಿ ತನ್ನ ಹೆಸರಿನಲ್ಲಿ ಉತ್ತರ ಕೊಡಲಿ. ನೆರೆಯ ರಾಜ್ಯದ ಒಬ್ಬ ಬಡವ ನಮ್ಮ ನೆಲದಲ್ಲಿ ಸತ್ತರೆ, ಗೋವೆಯಲ್ಲಿ ನಮ್ಮವನೊಬ್ಬ ಸತ್ತಾಗ ನಾವು ಕೇಳುವ ಪ್ರಶ್ನೆಗಳನ್ನೆಲ್ಲ ನಮ್ಮ ಸರಕಾರಕ್ಕೆ ನಾವೇ ಕೇಳೋಣ.

ಈ ಪುರವಣಿಯನ್ನು ಓದುವವರಲ್ಲಿ ಬಹುಪಾಲು ಜನ ನಗರವಾಸಿಗಳು. ತಾವು ವಾಸಿಸುವ ಮನೆಯ ಗೋಡೆ ಎದ್ದಾಗ ಗಾರೆ ಕಲಸಿದವನು ಯಾವ ಊರಿನವನೆಂದು ಅವರಲ್ಲಿ ಯಾರೂ ಕೇಳಿರಲಾರರು. ಅಂದು ಕೇಳದವರಿಗೆ, ಬಾಂಬು ಸಿಡಿದ ಮರುದಿನ ಕೇಳುವ ಅಧಿಕಾರ ಎಲ್ಲಿಂದ ಬಂತು?